ಮುತ್ತತ್ತಿ ಟ್ರಿಪ್ ಹಾಕೋ ಮುಂಚೆ: ಒಂದು ಮಡುವಿನ ಇತಿಹಾಸ

*1/10*

ಮುತ್ತತ್ತೀಲಿ ಮಳೆ ಇಲ್ಲ. ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲ. ಬೆಳಿಗ್ಗೆ ಬಂಡೆ ಮೇಲೆ ಚಪ್ಪಲಿ, ಬ್ಯಾಗು ಇಟ್ಟು ನೀರಿಗಿಳಿದವರು ಸ್ವಲ್ಪ ಹೊತ್ತು ಬಿಟ್ಟು ತಿರುಗಿ ನೋಡಿದ್ರೆ ಆ ಬಂಡೆ ಸುತ್ತ ನೀರು. ಎಲ್ಲಿಂದ ಬಂತು ಈ ನೀರು?

ಈ ಒಂದು ಪ್ರಶ್ನೆ ಹಿಡ್ಕೊಂಡು ಹೋದ್ರೆ ಕೋಲಾರದ ಚಿನ್ನದ ಗಣಿ ಸಿಗುತ್ತೆ, ಸರ್ ಎಂ.ವಿ. ಸಿಗ್ತಾರೆ, ಸುಪ್ರೀಂ ಕೋರ್ಟು ಸಿಗುತ್ತೆ, ಕೊನೆಗೆ ಬೆಂಗಳೂರಿನ ನಿಮ್ಮ ಪಿಜಿಯ ನಲ್ಲಿಯೂ ಸಿಗುತ್ತೆ. ಅದಕ್ಕೇ ಈ ಸರಣಿ.

ಗೊತ್ತಿಲ್ಲದವರಿಗೆ: ಮುತ್ತತ್ತಿ ಅಂದ್ರೆ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪುಟ್ಟ ಊರು. ಕಾವೇರಿ ದಂಡೆ, ಸುತ್ತ ಕಾಡು, ಒಂದು ಆಂಜನೇಯನ ಗುಡಿ. ಬೆಂಗಳೂರಿಂದ ಕನಕಪುರ, ಸಾತನೂರು ದಾಟಿ ಹೋದ್ರೆ ಸುಮಾರು 100 ಕಿ.ಮೀ. ಇಡೀ ಜಾಗ ಕಾವೇರಿ ವನ್ಯಜೀವಿ ಧಾಮದ ಒಳಗೆ ಬರುತ್ತೆ. ಪರೀಕ್ಷೆ ಮುಗೀತಿದ್ದ ಹಾಗೆ ಎಲ್ಲ ಕ್ಲಾಸ್ ಗ್ರೂಪಲ್ಲೂ ಒಂದೇ ಪೋಲು: "ಸಂಡೇ ಮುತ್ತತ್ತಿ, ಯಾರ್ಯಾರು ಬರ್ತೀರಾ?" ಬೈಕು, ಪೆಟ್ರೋಲು, ಊಟ, ಎಲ್ಲದಕ್ಕೂ ತಲೆಗಿಷ್ಟು ಅಂತ ಲೆಕ್ಕ ಹಾಕ್ತೀವಿ. ನೀರಿನ ಲೆಕ್ಕ ಮಾತ್ರ ಯಾರೂ ಹಾಕಲ್ಲ.

ಹೋಗಬೇಡಿ ಅಂತ ಹೇಳೋಕೆ ಬರೀತಿಲ್ಲ. ಹೋಗಿ. ಆದ್ರೆ ಅಲ್ಲಿ ನೀವು ನೋಡೋದು ನಿಂತ ಕೊಳ ಅಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಯಾರೋ ಒಬ್ಬರು ಲೆಕ್ಕ ಬರೆದು ಬಿಡ್ತಾ ಬಂದಿರೋ ನೀರು. ಆ ಲೆಕ್ಕದ ಪುಸ್ತಕ ಓದೋಕೆ ಬಂದ್ರೆ ಪ್ಲಾನ್ ತಾನಾಗೇ ಸರಿಯಾಗುತ್ತೆ.

ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ.

*2/10: ಹೆಸರಲ್ಲೇ ಎಚ್ಚರಿಕೆ ಇದೆ*

ಮೊದಲು ಊರಿನ ಹೆಸರು. ಸ್ಥಳಪುರಾಣ ಹೇಳೋದು ಹೀಗೆ: ಸೀತಮ್ಮ ಇಲ್ಲಿ ಹೊಳೇಲಿ ಸ್ನಾನ ಮಾಡುವಾಗ ಮುತ್ತಿನ ಮೂಗುತಿ ನೀರಿಗೆ ಬಿತ್ತು. ಎಷ್ಟು ಹುಡುಕಿದ್ರೂ ಸಿಗಲಿಲ್ಲ. ಆಗ ಆಂಜನೇಯ ಬಾಲವನ್ನ ನೀರೊಳಗೆ ಬಿಟ್ಟು, ತಳ ಕಲಕಿ, ಮುತ್ತನ್ನ ಎತ್ತಿ ಕೊಟ್ಟ. ಮುತ್ತು ಎತ್ತಿದ ರಾಯ ಮುತ್ತೆತ್ತರಾಯ ಆದ, ಊರು ಮುತ್ತತ್ತಿ ಆಯ್ತು.

ಮಂಡ್ಯ, ಕನಕಪುರ, ಚಾಮರಾಜನಗರದ ಕಡೆ ಎಷ್ಟೋ ಮನೆಗೆ ಈ ಮುತ್ತತ್ತಿರಾಯನೇ ಮನೆದೇವರು. ಮುತ್ತುರಾಜ, ಮುತ್ತಮ್ಮ ಅನ್ನೋ ಹೆಸರುಗಳು ಆ ಸೀಮೇಲಿ ಸುಮ್ನೆ ಬಂದಿದ್ದಲ್ಲ. ನಮ್ಮ ಅಣ್ಣಾವ್ರು ಡಾ. ರಾಜ್‌ಕುಮಾರ್ ಅವರಿಗೆ ಹುಟ್ಟಿದಾಗ ಇಟ್ಟ ಹೆಸರು ಮುತ್ತುರಾಜ, ಅದೂ ಈ ದೇವರ ಹೆಸರೇ. ಮುಂದಿನ ಸಲ ಗುಡಿ ಮುಂದೆ ಸೆಲ್ಫಿ ತೆಗೆಯುವಾಗ ಜ್ಞಾಪಕ ಇರಲಿ.

ಈಗ ಕತೇನ ಇನ್ನೊಂದು ಸಲ ಓದಿ. ಈ ಊರಿನ ಹಿರೀಕರು ತಮ್ಮ ಹೊಳೆ ಬಗ್ಗೆ ಮಕ್ಕಳಿಗೆ ಹೇಳಿರೋ ಕತೆ ಏನು? ಇಲ್ಲಿ ನೀರಿಗೆ ಬಿದ್ದಿದ್ದು ಸುಲಭಕ್ಕೆ ವಾಪಸ್ ಬರಲ್ಲ ಅಂತ. ಒಂದು ಮೂಗುತಿ ತೆಗೆಯೋಕೆ ಹನುಮಂತನೇ ಬರಬೇಕಾಯ್ತು. ಸಮುದ್ರ ಹಾರಿದವನು ಕೂಡ ಇಲ್ಲಿ ಧುಮುಕಲಿಲ್ಲ, ದಡದಲ್ಲಿ ಕೂತು ಬಾಲ ಇಳಿಬಿಟ್ಟ. ನಮಗಂತೂ ಬಾಲ ಇಲ್ಲ.

ಆ ಕಡೆಯ ಭಾಷೇಲಿ ಇಂಥ ಜಾಗಕ್ಕೆ ಒಂದು ಪದ ಇದೆ: ಮಡು. ಹೊಳೆ ಹರೀತಾ ಹರೀತಾ ಒಂದು ಕಡೆ ಆಳವಾಗಿ ನಿಂತಂತೆ ಕಾಣುತ್ತಲ್ಲ, ಅದು. ಮೇಲೆ ಎಣ್ಣೆ ಸವರಿದ ಹಾಗೆ ನುಣುಪು, ಅಲೆ ಇಲ್ಲ, ಸದ್ದಿಲ್ಲ. ನಮಗೆ ಅದು ಸ್ವಿಮ್ಮಿಂಗ್ ಪೂಲ್ ತರ ಕಾಣುತ್ತೆ. ಅಲ್ಲೇ ಹುಟ್ಟಿ ಬೆಳೆದವರು ಮಾತ್ರ ಸದ್ದು ಮಾಡೋ ನೀರಲ್ಲಿ ಕಾಲಿಡ್ತಾರೆ, ಸದ್ದಿಲ್ಲದ ನೀರಿಂದ ದೂರ ನಿಲ್ತಾರೆ. ಸದ್ದಿದ್ದ ಕಡೆ ಬಂಡೆ ಮೇಲೇ ಇದೆ, ಆಳ ಕಮ್ಮಿ. ಸದ್ದಿಲ್ಲದ ಕಡೆ ತಳ ಎಲ್ಲಿದೆಯೋ ಗೊತ್ತಿಲ್ಲ.

*3/10: ಬಂಡೆ ಕೊರೆದ ಗುಂಡಿಗಳು*

ಮಡು ಹೇಗೆ ಆಗುತ್ತೆ? ಇದು ಅತಿ ಹಳೆಯ ಅಧ್ಯಾಯ, ಮನುಷ್ಯರಿಗಿಂತ ಎಷ್ಟೋ ಹಿಂದಿನದು.

ದಕ್ಷಿಣ ಕರ್ನಾಟಕದ ಈ ಬಂಡೆಗಳು ಭೂಮಿ ಮೇಲಿನ ಅತಿ ಹಳೆಯ ಕಲ್ಲುಗಳ ಸಾಲಿಗೆ ಸೇರಿದವು. ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಅದಕ್ಕೂ ಹೆಚ್ಚು. ಇಷ್ಟು ಗಟ್ಟಿ ಕಲ್ಲನ್ನ ನೀರು ಬರೀ ನೀರಾಗಿ ಕೊರೆಯಲ್ಲ. ಪ್ರವಾಹದ ಜೊತೆ ಉರುಳಿ ಬಂದ ಕಲ್ಲುಗಳು ಬಂಡೆಯ ಒಂದು ಸಣ್ಣ ತಗ್ಗಿಗೆ ಸಿಕ್ಕಿಹಾಕ್ಕೊಳ್ತಾವೆ. ಸುಳಿ ಆ ಕಲ್ಲುಗಳನ್ನ ಅಲ್ಲೇ ಗಿರಗಿರ ತಿರುಗಿಸುತ್ತೆ. ಒರಳಲ್ಲಿ ಗುಂಡುಕಲ್ಲು ತಿರುಗುತ್ತಲ್ಲ, ಥೇಟ್ ಹಾಗೇ. ಸಾವಿರಾರು ಮಳೆಗಾಲ ಹೀಗೆ ತಿರುಗಿದ್ರೆ ಬಂಡೇಲಿ ಬಾವಿ ತರ ನೇರ ಗುಂಡಿ ಬೀಳುತ್ತೆ.

ಇದನ್ನ ಕಣ್ಣಾರೆ ನೋಡಬೇಕು ಅಂದ್ರೆ ಹೊಳೆ ಗುಂಟ ಇನ್ನೂ ಕೆಳಗೆ ಹೋಗಬೇಕು. ಮುತ್ತತ್ತಿ ಆದ್ಮೇಲೆ ಕಾವೇರಿಗೆ ಅರ್ಕಾವತಿ ಬಂದು ಸೇರೋ ಜಾಗ ಸಂಗಮ, ಅಲ್ಲಿಂದ ಸುಮಾರು 4 ಕಿ.ಮೀ. ಮುಂದೆ ಮೇಕೆದಾಟು. ಅಷ್ಟು ಅಗಲದ ಕಾವೇರಿ ಮೇಕೆ ಹಾರೋ ಅಷ್ಟು ಕಿರಿದಾದ ಬಂಡೆ ಸಂದಿಗೆ ನುಗ್ಗುತ್ತೆ, ಅದಕ್ಕೇ ಆ ಹೆಸರು. ಬೇಸಿಗೇಲಿ ಅಲ್ಲಿ ಬಂಡೆ ತುಂಬ ಗುಂಡಿ ಗುಂಡಿ, ಕೆಲವದರ ಒಳಗೆ ಕೊರೆದ ಕಲ್ಲು ಇನ್ನೂ ಬಿದ್ದಿರುತ್ತೆ.

ಈಗ ಇದೇ ಬಂಡೆ ನೀರೊಳಗೆ ಇದೆ ಅಂತ ಅಂದ್ಕೊಳ್ಳಿ. ಮೊಣಕಾಲುದ್ದ ನೀರಲ್ಲಿ ನಡೀತಾ ಇರ್ತೀರ, ಮುಂದಿನ ಹೆಜ್ಜೆಗೆ ನೆಲ ಇರಲ್ಲ. ಇಳಿಜಾರು ಇಲ್ಲ, ಸೂಚನೆ ಇಲ್ಲ. ಸಮುದ್ರದ ದಡ ಆದ್ರೆ ಆಳ ನಿಧಾನಕ್ಕೆ ಬರುತ್ತೆ, ಇಲ್ಲಿ ಮೆಟ್ಟಿಲು ಮುರಿದ ಹಾಗೆ ಬರುತ್ತೆ. ಮೇಲಿಂದ ಪಾಚಿ ಬೇರೆ.

ಹಾಗಾಗಿ "ನೀರು ಕಮ್ಮಿ ಇದೆ, ಏನೂ ಆಗಲ್ಲ" ಅನ್ನೋ ಮಾತಿಗೆ ಈ ಹೊಳೇಲಿ ಅರ್ಧ ಬೆಲೆ ಮಾತ್ರ. ನೀರು ಕಮ್ಮಿಯಾದ್ರೆ ಹರಿವು ಕಮ್ಮಿಯಾಗುತ್ತೆ. ಗುಂಡಿ ಎಷ್ಟು ಆಳ ಇತ್ತೋ ಅಷ್ಟೇ ಆಳ ಇರುತ್ತೆ.

*4/10: 1902, ಚಿನ್ನಕ್ಕೆ ಬೇಕಿತ್ತು ಕರೆಂಟು*

ಇಲ್ಲಿವರೆಗೂ ಹೊಳೆ ತನ್ನಿಷ್ಟಕ್ಕೆ ಹರೀತಿತ್ತು. ಮಳೆಗಾಲದಲ್ಲಿ ಉಕ್ಕೋದು, ಬೇಸಿಗೇಲಿ ಸೊರಗೋದು. ಅಂಬಿಗರು ನೀರಿನ ಬಣ್ಣ ನೋಡಿ ಹರಿಗೋಲು ಹಾಕೋದೋ ಬೇಡವೋ ಹೇಳ್ತಿದ್ರು. ಕೆಂಪು ನೀರು ಬಂತು ಅಂದ್ರೆ ಕೊಡಗಲ್ಲಿ ಮಳೆ ಹಿಡಿದಿದೆ ಅಂತ ಅರ್ಥ.

ಇದು ಬದಲಾಗಿದ್ದು ಮುತ್ತತ್ತಿಗಿಂತ ಮೇಲೆ, ಶಿವನಸಮುದ್ರದಲ್ಲಿ. ಗಗನಚುಕ್ಕಿ, ಭರಚುಕ್ಕಿ ಅಂತ ಎರಡು ಕವಲಾಗಿ ಕಾವೇರಿ ಧುಮುಕೋ ಜಾಗ. ಕೋಲಾರದ ಗಣಿ ಕಂಪನಿಗಳಿಗೆ ಆಗ ಭಾರಿ ಶಕ್ತಿ ಬೇಕಿತ್ತು. ಕಲ್ಲಿದ್ದಲು ದೂರದಿಂದ ತರಬೇಕು, ಖರ್ಚು ಜಾಸ್ತಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಜಲಪಾತದಿಂದ ಕರೆಂಟು ತೆಗೆಯೋ ಯೋಜನೆ ಆಯ್ತು. ಎಂಜಿನಿಯರ್ ಲಾಟ್‌ಬಿನಿಯರ್ ಅದನ್ನ ರೂಪಿಸಿದ್ರು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿ.ಮೀ. ತಂತೀಲಿ ಕರೆಂಟು ಹೋಯ್ತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಮೊದಲ ಗಿರಾಕಿ ಚಿನ್ನದ ಗಣಿ, ಆಮೇಲೆ ಊರಿನ ಜನ. ನಮ್ಮ ಭಾಷೇಲಿ ಹೇಳಬೇಕು ಅಂದ್ರೆ ಕಾರ್ಪೊರೇಟ್ ಕ್ಲೈಂಟ್ ಫಸ್ಟು.

ಸಮಸ್ಯೆ ಶುರುವಾಗಿದ್ದು ಬೇಸಿಗೇಲಿ. ಹೊಳೆ ಸೊರಗಿದ್ರೆ ಟರ್ಬೈನ್ ಸೊರಗುತ್ತೆ, ಗಣಿಗೆ ಒಪ್ಪಿಕೊಂಡಷ್ಟು ಕರೆಂಟು ಸಿಗಲ್ಲ. ಗಣಿ ಕೆಳಗೆ ನೀರು ಎತ್ತೋ ಪಂಪು, ಗಾಳಿ, ಲಿಫ್ಟು ನಿಲ್ಲೋ ಹಾಗಿಲ್ಲ. ಹೊಳೆಗೆ ಆಗ ಮೊದಲ ಸಲ ಒಂದು ಹೊಸ ಬೇಡಿಕೆ ಬಂತು: ವರ್ಷವಿಡೀ ಒಂದೇ ಸಮ ಹರಿ.

ಹೊಳೆಗೆ ಅದು ಗೊತ್ತಿರಲಿಲ್ಲ. ಕಲಿಸೋಕೆ ಒಂದು ಅಣೆಕಟ್ಟು ಬೇಕಾಯ್ತು.

*5/10: ಕನ್ನಂಬಾಡಿ ಕಟ್ಟೆ*

ವಿಶ್ವೇಶ್ವರಯ್ಯ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ. ಕನ್ನಂಬಾಡಿ ಹತ್ರ ಕಟ್ಟೆ ಕಟ್ಟಿದ್ರೆ ಎರಡು ಕೆಲಸ ಆಗುತ್ತೆ ಅಂತ ಅವರ ವಾದ: ಶಿವನಸಮುದ್ರದ ಟರ್ಬೈನಿಗೆ ಬೇಸಿಗೇಲೂ ನೀರು, ಮಂಡ್ಯದ ಒಣ ಹೊಲಕ್ಕೆ ನಾಲೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿದ್ರು, 1911ರಲ್ಲಿ ಕೆಲಸ ಶುರುವಾಯ್ತು, ಮುಗಿಯೋಕೆ ಸುಮಾರು 20 ವರ್ಷ ಹಿಡೀತು.

ಯಾಕಿಷ್ಟು ತಡ? ಒಂದು ಕಾರಣ, ಕೆಳಗಿನ ಮದ್ರಾಸ್ ಸರ್ಕಾರದ ತಕರಾರು. ಮೇಲೆ ನೀರು ತಡೆದ್ರೆ ತಂಜಾವೂರಿನ ಗದ್ದೆಗೆ ಏನು ಗತಿ ಅಂತ. 1892ರಲ್ಲೇ ಒಂದು ಒಪ್ಪಂದ ಆಗಿತ್ತು. ಆಮೇಲೆ ಪಂಚಾಯ್ತಿ, ಮೇಲ್ಮನವಿ ಎಲ್ಲ ಆಗಿ 1924ರಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಮೈಸೂರು ಕೆಆರ್‌ಎಸ್ ಪೂರ್ತಿ ಮಾಡ್ಕೊಳ್ತು, ಮದ್ರಾಸು ಕೆಳಗೆ ಮೆಟ್ಟೂರು ಕಟ್ಕೊಳ್ತು.

ಕೆಆರ್‌ಎಸ್ ಹಿಡಿಯೋದು 49.45 ಟಿಎಂಸಿ. ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ. ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಅಂದಾಜು 28 ಲೀಟರ್. ಈ ಎರಡು ಪದ ಜ್ಞಾಪಕ ಇಟ್ಕೊಳ್ಳಿ, ಮುಂದಿನ ಲೆಕ್ಕಕ್ಕೆ ಬೇಕು.

ಈಗ ಮ್ಯಾಪ್ ನೋಡಿ. ಮೇಲೆ ಕೆಆರ್‌ಎಸ್. ಕೆಳಗೆ ಮೆಟ್ಟೂರು. ಮಧ್ಯದಲ್ಲಿ ಶಿವನಸಮುದ್ರ, ಮುತ್ತತ್ತಿ, ಸಂಗಮ, ಮೇಕೆದಾಟು, ಹೊಗೇನಕಲ್. ಎರಡು ದೊಡ್ಡ ತಿಜೋರಿ ಮಧ್ಯದ ಓಣಿ ಇದು. ಒಂದು ತಿಜೋರಿಯಿಂದ ಇನ್ನೊಂದಕ್ಕೆ ಹೋಗೋ ನೀರೆಲ್ಲ ಈ ಓಣೀಲೇ ಹೋಗಬೇಕು, ಬೇರೆ ದಾರಿ ಇಲ್ಲ.

ಮೊದಲ ಕ್ಯಾಪ್ಷನ್ನಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು. ಮುತ್ತತ್ತಿಯ ಆಕಾಶ ನೋಡಿದ್ರೆ ಸಾಲದು. ಇಲ್ಲಿ ನೀರು ಏರೋಕೆ ಇಲ್ಲಿ ಮಳೆ ಬರಬೇಕಿಲ್ಲ. ಕೊಡಗಲ್ಲಿ ಮಳೆ ಬಂದ್ರೆ ಸಾಕು. ಕೆಲವು ಸಲ ಅದೂ ಬೇಡ, ಗೇಟು ಎತ್ತಿದ್ರೆ ಸಾಕು.

*6/10: ನಿಮ್ಮ ನಲ್ಲಿ, ಅವರ ಗದ್ದೆ*

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲುಗಳು ಜಾಸ್ತಿ ಆದ್ವು. 1974ರಲ್ಲಿ ಕಬಿನಿ ಅಣೆಕಟ್ಟು ಮುಗೀತು. ಕಬಿನಿ ತಿ.ನರಸೀಪುರದಲ್ಲಿ ಕಾವೇರಿಗೆ ಸೇರುತ್ತೆ, ಅಂದ್ರೆ ಕೆಆರ್‌ಎಸ್‌ಗಿಂತ ಕೆಳಗೆ, ಮುತ್ತತ್ತಿಗಿಂತ ಮೇಲೆ. ಹಾಗಾಗಿ ಬರೀ ಕೆಆರ್‌ಎಸ್ ನೋಡಿ "ನೀರು ಬಿಟ್ಟಿಲ್ಲ" ಅಂದ್ಕೊಂಡ್ರೆ ಅರ್ಧ ಮಾಹಿತಿ. ವಯನಾಡಲ್ಲಿ ಜೋರು ಮಳೆ ಆದ್ರೆ ಕಬಿನಿ ತುಂಬುತ್ತೆ, ಆ ನೀರು ಬೇರೆ ದಾರೀಲಿ ಬಂದು ಇದೇ ಮಡುವಿಗೆ ಬೀಳುತ್ತೆ.

ಅದೇ 1974ರಲ್ಲಿ ಬೆಂಗಳೂರಿಗೆ ಕಾವೇರಿ ಮೊದಲ ಹಂತ ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ನಾವೆಲ್ಲ ಟಿ.ಕೆ. ಹಳ್ಳಿ ಅಂತೀವಲ್ಲ, ಅಲ್ಲಿಂದ ನೀರನ್ನ ಸುಮಾರು 100 ಕಿ.ಮೀ. ಎತ್ತಿ ತಳ್ಳಿ ತರ್ತಾರೆ. 5ನೇ ಹಂತ ಶುರುವಾಗಿದ್ದು 2024ರ ಅಕ್ಟೋಬರಲ್ಲಿ. ಪಿಜಿ ಬಾತ್‌ರೂಮಲ್ಲಿ ಕಾವೇರಿ ನೀರು ಬರುತ್ತೆ ಅಂದ್ರೆ, ಮುತ್ತತ್ತಿ ಸೀಮೆಯ ಹೊಳೇಲೇ ದಿನಾ ಸ್ನಾನ ಮಾಡ್ತಿದ್ದೀರ ಅಂತ ಅಂದ್ಕೊಳ್ಳಿ.

ಕೆಳಗಿನವರ ಬೇಡಿಕೆಯೂ ನಿಲ್ಲಲಿಲ್ಲ. 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆ ಆಯ್ತು. 1991ರಲ್ಲಿ ಮಧ್ಯಂತರ ಆದೇಶ ಬಂತು, ಆ ವರ್ಷದ ಕೊನೆಗೆ ಗಲಭೆಯೂ ಆಯ್ತು, ಮನೇಲಿ ದೊಡ್ಡವರನ್ನ ಕೇಳಿ. 2007ರಲ್ಲಿ ಅಂತಿಮ ತೀರ್ಪು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನ ತಿದ್ದಿ ಹೇಳಿತು: ಸಾಮಾನ್ಯ ಮಳೆಯ ವರ್ಷದಲ್ಲಿ ಕರ್ನಾಟಕ 177.25 ಟಿಎಂಸಿ ನೀರು ಬಿಡಬೇಕು, ಅದನ್ನ ಬಿಳಿಗುಂಡ್ಲುವಿನಲ್ಲಿ ಅಳೀಬೇಕು.

ಬಿಳಿಗುಂಡ್ಲು ಎಲ್ಲಿದೆ? ಮೇಕೆದಾಟು ದಾಟಿ, ಎರಡು ರಾಜ್ಯದ ಗಡೀಲಿ, ಇದೇ ಹೊಳೆ ದಂಡೇಲಿ. ಅಳತೆ ಮಾಡೋದು ಕೇಂದ್ರ ಜಲ ಆಯೋಗ. ಟಿವೀಲಿ "ತಮಿಳುನಾಡಿಗೆ ನೀರು ಬಿಡುಗಡೆ" ಅಂತ ಬ್ರೇಕಿಂಗ್ ನ್ಯೂಸ್ ಬರುತ್ತಲ್ಲ, ಅದನ್ನ ರಾಜಕೀಯ ಅಂತ ಸ್ವೈಪ್ ಮಾಡ್ತೀವಿ. ಆದ್ರೆ ಮುತ್ತತ್ತೀಲಿ ಕಾಲು ಬಿಟ್ಕೊಂಡು ಕೂತವನಿಗೆ ಅದು ರಾಜಕೀಯ ಅಲ್ಲ, ಹವಾಮಾನ ವರದಿ.

*7/10: ಲೆಡ್ಜರ್ ತೆಗೀರಿ*

ಬಿಕಾಂನವರೇ, ಇದು ನಮ್ಮ ಭಾಗ. ಹಣಕಾಸು ವರ್ಷ ಏಪ್ರಿಲಿಂದ ಮಾರ್ಚ್. ಜಲವರ್ಷ ಜೂನಿಂದ ಮೇ. ಬಿಳಿಗುಂಡ್ಲುವಿನಲ್ಲಿ ತಿಂಗಳಿಗೆ ಎಷ್ಟು ದಾಟಬೇಕು ಅಂತ ಪಟ್ಟಿ ಇದೆ, ಟಿಎಂಸಿ ಲೆಕ್ಕದಲ್ಲಿ:

ಜೂನ್ 9.19
ಜುಲೈ 31.24
ಆಗಸ್ಟ್ 45.95
ಸೆಪ್ಟೆಂಬರ್ 36.76
ಅಕ್ಟೋಬರ್ 20.22
ನವೆಂಬರ್ 13.78
ಡಿಸೆಂಬರ್ 7.35
ಜನವರಿ 2.76
ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ ತಲಾ 2.5

ಕೂಡಿ ನೋಡಿ, 177.25 ಟ್ಯಾಲಿ ಆಗುತ್ತೆ.

ಇದನ್ನ ಕ್ಯುಸೆಕ್‌ಗೆ ತಿರುಗಿಸೋಣ. ಆಗಸ್ಟಿನ 45.95 ಟಿಎಂಸೀನ 31 ದಿನಕ್ಕೆ ಸಮವಾಗಿ ಹಂಚಿದ್ರೆ ಸುಮಾರು 17,000 ಕ್ಯುಸೆಕ್. ಫೆಬ್ರವರಿಯ 2.5 ಟಿಎಂಸೀನ 28 ದಿನಕ್ಕೆ ಹಂಚಿದ್ರೆ ಸುಮಾರು 1,030. ಒಂದೇ ಹೊಳೆ, ಒಂದೇ ಬಂಡೆ, 16 ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಇನ್ನೂ ಕಣ್ಣಿಗೆ ಕಾಣೋ ಹಾಗೆ ಬೇಕಾ? ರೂಮಿಗೆ ತರಿಸೋ 20 ಲೀಟರ್ ವಾಟರ್ ಕ್ಯಾನ್ ಲೆಕ್ಕ ಹಾಕಿ. ಫೆಬ್ರವರಿ ಸರಾಸರೀಲಿ ಒಂದು ಸೆಕೆಂಡಿಗೆ ಸುಮಾರು 1,460 ಕ್ಯಾನ್. ಆಗಸ್ಟ್ ಸರಾಸರೀಲಿ ಸೆಕೆಂಡಿಗೆ ಸುಮಾರು 24,000 ಕ್ಯಾನ್. ನೀವು "ಒಂದು" ಅಂತ ಹೇಳಿ ಮುಗಿಸೋ ಅಷ್ಟರಲ್ಲಿ. ಜೋರು ಮಳೆಗಾಲದಲ್ಲಿ ಕೆಆರ್‌ಎಸ್ ಹೊರಹರಿವು ಒಂದೇ ಲಕ್ಷ ಕ್ಯುಸೆಕ್ ದಾಟಿದ್ದೂ ಇದೆ, ಆಗ ಈ ಪಟ್ಟಿಗೆಲ್ಲ ಅರ್ಥ ಇರಲ್ಲ.

ಇನ್ನೊಂದು ಸಾಲು ಗಮನಿಸಿ. ಫೆಬ್ರವರಿಯಿಂದ ಮೇವರೆಗಿನ ನಾಲ್ಕು ತಿಂಗಳ ಮೊತ್ತ 10 ಟಿಎಂಸಿ. ನ್ಯಾಯಮಂಡಳಿ ಪರಿಸರಕ್ಕೆ ಅಂತ ಬೇರೆಯಾಗಿ ತೆಗೆದಿಟ್ಟಿದ್ದೂ 10 ಟಿಎಂಸಿಯೇ. ಬೇಸಿಗೇಲಿ ಹೊಳೆ ಪೂರ್ತಿ ಬತ್ತದೆ, ಮೀನು ಸಾಯದೆ ಇರಲಿ ಅಂತ ಇರೋ ನೀರು. ಬೇಸಿಗೆ ರಜೇಲಿ ನಾವು ಕಾಲಿಡೋದು ಆ ಪಾಲಿಗೆ.

*8/10: ಸರಾಸರಿ ಅನ್ನೋ ಮೋಸ*

ಹಾಗಾದ್ರೆ ಬೇಸಿಗೇಲಿ ಹೋದ್ರೆ ಸೇಫ್ ಅಲ್ವಾ? ಪಟ್ಟಿ ನೋಡಿದ್ರೆ ಹಾಗೇ ಅನ್ನಿಸುತ್ತೆ. ಇಲ್ಲೇ ಎಡವೋದು.

ಸ್ಟಾಟಿಸ್ಟಿಕ್ಸ್ ಮೇಷ್ಟ್ರು ಎಲ್ಲ ಕ್ಲಾಸಲ್ಲೂ ಹೇಳೋ ಕತೆ ಇದೆ. ಹೊಳೆಯ ಸರಾಸರಿ ಆಳ ಮೂರಡಿ ಅಂತ ಲೆಕ್ಕ ಹಾಕಿ ಸಂಸಾರ ಸಮೇತ ದಾಟೋಕೆ ಹೋದವನ ಕತೆ. ಕ್ಲಾಸಲ್ಲಿ ಕೇಳಿ ನಗ್ತೀವಿ. ಮುತ್ತತ್ತೀಲಿ ಅದು ಜೋಕಲ್ಲ.

ಮೊದಲನೆಯದು, ತಿಂಗಳ ಸರಾಸರಿ ಅಂದ್ರೆ ದಿನಾ ಅಷ್ಟೇ ಬರುತ್ತೆ ಅಂತ ಅಲ್ಲ. ನೀರು ಕಂತಲ್ಲಿ ಬರುತ್ತೆ. ನಾಲ್ಕು ದಿನ ಕಮ್ಮಿ, ಆಮೇಲೆ ಒಮ್ಮೆಗೇ ಜಾಸ್ತಿ. ಮೇಲೆ ಅಣೆಕಟ್ಟು, ವಿದ್ಯುತ್ ಕೇಂದ್ರ, ನಾಲೆ, ಯಾವುದರ ಬಾಗಿಲು ಯಾವಾಗ ತೆಗೆದ್ರು ಅಂತ ಮಡುವಲ್ಲಿ ಆಡ್ತಿರೋರಿಗೆ ಗೊತ್ತಾಗಲ್ಲ. ಎರಡನೆಯದು, ಮೂರನೇ ಕ್ಯಾಪ್ಷನ್ನಲ್ಲಿ ಹೇಳಿದ್ದು: ಹರಿವು ಕಮ್ಮಿ ಆದ್ರೂ ಗುಂಡಿ ಆಳ ಕಮ್ಮಿ ಆಗಲ್ಲ.

2024ನ್ನ ನೆನೆಸ್ಕೊಳ್ಳಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬೆಂಗಳೂರಲ್ಲಿ ಟ್ಯಾಂಕರಿಗೆ ಕ್ಯೂ. ಕಾವೇರಿ ಅಷ್ಟು ಸೊರಗಿದ್ದ ಆ ಏಪ್ರಿಲ್ ಕೊನೆಯಲ್ಲಿ, ಸಂಗಮ ಮೇಕೆದಾಟು ಹತ್ರ ಬೆಂಗಳೂರಿಂದ ಹೋಗಿದ್ದ ಐದು ಜನ ವಿದ್ಯಾರ್ಥಿಗಳು ಮುಳುಗಿ ಹೋದ್ರು. ನಮ್ಮ ವಯಸ್ಸಿನವರು. ನಮ್ಮ ತರಾನೇ ಗ್ರೂಪಲ್ಲಿ ಪ್ಲಾನ್ ಹಾಕ್ಕೊಂಡು ಹೋದವರು. ಹೊಳೆ ತುಂಬಿ ಹರೀತಿದ್ದಾಗ ಅಲ್ಲ, ಪಟ್ಟೀಲಿ ಅತಿ ಚಿಕ್ಕ ಅಂಕಿ ಇರೋ ತಿಂಗಳಲ್ಲಿ.

ಆ ಮಕ್ಕಳು ಎಡವಟ್ಟು ಮಾಡಿದ್ರು ಅಂತ ಕಾಮೆಂಟ್ ಹಾಕೋದು ಸುಲಭ, ದಯವಿಟ್ಟು ಹಾಕಬೇಡಿ. ಆ ದಡದಲ್ಲಿ ನಿಂತ್ರೆ ಯಾರಿಗಾದ್ರೂ ಇಳಿಯೋಣ ಅನ್ನಿಸುತ್ತೆ. ನೀರು ಹಾಗೆ ಕಾಣುತ್ತೆ. ಅದಕ್ಕೇ ಇತಿಹಾಸ ಬೇಕಿರೋದು, ಕಣ್ಣಿಗೆ ಕಾಣದೇ ಇರೋದನ್ನ ಅದು ಹೇಳುತ್ತೆ.

ನಮ್ಮ ತಾತಂದಿರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಕೊಂಡು ಬಾವೀಲಿ ಈಜು ಕಲಿತವರು. ಬಾವಿ ನೀರು ನಿಂತ ನೀರು. ಬಾವೀಲಿ ಹುಲಿ ಆದವನು ಕೂಡ ಹೊಳೆ ಮುಂದೆ ಕೈ ಮುಗಿದೇ ಇಳೀತಿದ್ದ. ನಾವು ಮೂರು ತಿಂಗಳ ಬೇಸಿಗೆ ಶಿಬಿರದಲ್ಲಿ, ಕ್ಲೋರಿನ್ ನೀರಲ್ಲಿ ಕಲಿತ ಈಜು ಹಿಡ್ಕೊಂಡು ಹೋಗ್ತೀವಿ.

*9/10: ಮಡುವಿನ ಖಾಯಂ ನಿವಾಸಿಗಳು*

ಇಲ್ಲಿವರೆಗೂ ಮನುಷ್ಯರ ಖಾತೆ. ಮಡುವಿಗೆ ಬೇರೆ ಮಾಲೀಕರಿದ್ದಾರೆ.

ಕಾವೇರಿ ವನ್ಯಜೀವಿ ಧಾಮ ಘೋಷಣೆ ಆಗಿದ್ದು 1987ರಲ್ಲಿ. ಆಮೇಲೆ ವಿಸ್ತರಿಸಿ ಈಗ 1,000 ಚದರ ಕಿ.ಮೀ.ಗೂ ಜಾಸ್ತಿ. ಆನೆ, ಚಿರತೆ, ಬೂದು ಬಣ್ಣದ ದೊಡ್ಡ ಅಳಿಲು, ನೀರುನಾಯಿ, ಮೊಸಳೆ ಎಲ್ಲ ಇವೆ. ಮೊಸಳೆ ಅಂದಾಗ ನಗಬೇಡಿ, ಬೇಸಿಗೇಲಿ ಬಂಡೆ ಮೇಲೆ ಬಿಸಿಲು ಕಾಯಿಸ್ತಾ ಮಲಗಿರುತ್ತೆ. ದೂರದಿಂದ ಅದೂ ಬಂಡೇನೇ.

ನೀರೊಳಗಿನ ರಾಜ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನೀಲಿ ಹಿಡಿದ ಮಹಶೀರ್ ತೂಕ 120 ಪೌಂಡ್, ಅಂದ್ರೆ 54 ಕೆ.ಜಿ. ಹತ್ತಿರ. ಇದರಲ್ಲಿ ಕಾವೇರಿ ಕೊಳ್ಳದಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲದ, ಬೆನ್ನು ಡುಬ್ಬ ಇರೋ ಜಾತಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರ್ತು. ಹೆಸರಿಡೋದೂ ಹುಷಾರಿಲ್ಲ ಅಂತ ಬರೆಯೋದೂ ಒಟ್ಟಿಗೆ ಆಯ್ತು. ಬೇಸಿಗೇಲಿ ಹೊಳೆ ಸೊರಗಿದಾಗ ಈ ಮೀನು ಬದುಕೋದು ಮಡುವಲ್ಲೇ. ಶೃಂಗೇರಿ, ಶಿಶಿಲ, ರಾಮನಾಥಪುರದಲ್ಲಿ ದೇವಸ್ಥಾನದ ಮೀನು ಅಂತ ಜನ ಮುಟ್ಟಲ್ವಲ್ಲ, ಮಡುವನ್ನ ಕಾಯೋ ಬುದ್ಧಿ ನಮ್ಮಲ್ಲಿ ಮೊದಲಿಂದ ಇತ್ತು. ಅದೇ ಮಡುವಿಗೆ ನಾವು ಚಿಪ್ಸ್ ಕವರು, ಶಾಂಪೂ ಸ್ಯಾಶೆ, ಒಡೆದ ಬಾಟ್ಲಿ ಹಾಕಿ ಬರ್ತೀವಿ.

ಇನ್ನೊಂದು ವಿಷಯ ಹೇಳದೆ ಇದ್ರೆ ಇತಿಹಾಸ ಅರ್ಧ ಆಗುತ್ತೆ. ಮೇಕೆದಾಟು ಯೋಜನೆ. 67.16 ಟಿಎಂಸಿ ಹಿಡಿಯೋ ಅಣೆಕಟ್ಟು, ಮುಖ್ಯವಾಗಿ ಬೆಂಗಳೂರಿನ ಕುಡಿಯೋ ನೀರಿಗೆ. 2022ರ ಜನವರೀಲಿ ಇದಕ್ಕಾಗಿ ಪಾದಯಾತ್ರೆ ಹೊರಟಿದ್ದು ಇದೇ ಸಂಗಮದಿಂದ. ಕಟ್ಟಿದ್ರೆ ಸುಮಾರು 5,000 ಹೆಕ್ಟೇರ್ ಮುಳುಗುತ್ತೆ, ಅದರಲ್ಲಿ ಬಹುಪಾಲು ಕಾಡು. ಬೆಂಗಳೂರಿಗೆ ನೀರು ಬೇಕು, ನಿಜ. ಮಹಶೀರಿಗೆ ಮಡು ಬೇಕು, ಅದೂ ನಿಜ. ಅವಕಾಶ ವೆಚ್ಚ ಅಂತ ಮೊದಲ ಸೆಮಿಸ್ಟರಲ್ಲಿ ಎರಡು ಮಾರ್ಕಿಗೆ ಬರೀತೀವಲ್ಲ, ಅದು ಪುಸ್ತಕದ ಹೊರಗೆ ಹೀಗಿರುತ್ತೆ.

*10/10: ಈಗ ಪ್ಲಾನ್ ಹಾಕಿ*

ಹೊರಡೋ ಹಿಂದಿನ ದಿನ: ಪೇಪರಲ್ಲಿ ಜಲಾಶಯಗಳ ನೀರಿನ ಮಟ್ಟ ದಿನಾ ಬರುತ್ತೆ. ಕೆಆರ್‌ಎಸ್ ಮತ್ತು ಕಬಿನಿ, ಎರಡರ ಹೊರಹರಿವನ್ನೂ ನೋಡಿ. ಎರಡು ಮೂರು ದಿನದ ಅಂಕಿ ಪಕ್ಕ ಪಕ್ಕ ಇಡಿ. ಏರ್ತಾ ಇದ್ಯಾ? ಟ್ರಿಪ್ ಮುಂದಕ್ಕೆ ಹಾಕಿ. ಮಂಡ್ಯ ಜಿಲ್ಲಾಡಳಿತ ನದಿ ಪಾತ್ರದವರಿಗೆ ಎಚ್ಚರಿಕೆ ಕೊಟ್ಟಿದೆ ಅಂದ್ರೆ ಅದು ನಿಮಗೂ ಕೊಟ್ಟ ಎಚ್ಚರಿಕೆ.

ತಿಂಗಳು: ಜುಲೈಯಿಂದ ಅಕ್ಟೋಬರ್ ಹೊಳೆ ನೋಡೋಕೆ ಮಾತ್ರ, ದೂರದಿಂದ. ಡಿಸೆಂಬರಿಂದ ಫೆಬ್ರವರಿ ಬಿಸಿಲೂ ಹದ, ಕಾಡೂ ಚೆಂದ.

ಹೊರಡೋ ಹೊತ್ತು: ಬೆಳಿಗ್ಗೆ ಬೇಗ ಹೊರಡಿ, ಕತ್ತಲಾಗೋ ಮುಂಚೆ ಕಾಡು ದಾಟಿ. ಆ ರಸ್ತೇಲಿ ಆನೆಗೆ ಹಾರ್ನ್ ಅರ್ಥ ಆಗಲ್ಲ. ಧಾಮದೊಳಗೆ ಪ್ರವೇಶದ ಸಮಯ, ನಿಯಮ ಬದಲಾಗ್ತಿರುತ್ತೆ, ಚೆಕ್‌ಪೋಸ್ಟಲ್ಲಿ ಅರಣ್ಯ ಸಿಬ್ಬಂದಿ ಹೇಳಿದ್ದೇ ಕೊನೆ ಮಾತು. ಎಣ್ಣೆ ಬೇಡ. ಕಾಡಿನ ಕಾರಣಕ್ಕೂ, ನೀರಿನ ಕಾರಣಕ್ಕೂ. ಮೊಬೈಲ್ ಸಿಗ್ನಲ್ ನಂಬಬೇಡಿ, ಎಲ್ಲಿಗೆ ಹೋಗ್ತಿದ್ದೀರ ಅಂತ ಮನೇಲಿ ಹೇಳಿ ಹೊರಡಿ.

ನೀರಿನ ಹತ್ರ: ಗುಡಿ ಹತ್ರ ಊರಿನವರು, ಭಕ್ತರು ಸ್ನಾನ ಮಾಡೋ ಕಡೆ ಕೂತು ಚೊಂಬಲ್ಲಿ ಮೈಮೇಲೆ ಹುಯ್ಕೊಳ್ಳಿ. ಸೊಂಟದವರೆಗೂ ಇಳಿಯೋದು ಬೇಡ, ಮಡುವಿಗೆ ಈಜೋದು ಬೇಡವೇ ಬೇಡ. ಬಂಡೆಯಿಂದ ಡೈವ್, ರೀಲ್ಸಿಗೆ ಹಿಮ್ಮುಖ ನಡೆಯೋದು, ಆಚೆ ದಡಕ್ಕೆ ಪಂದ್ಯ, ಯಾವುದೂ ಬೇಡ. ದಡದ ಒಂದು ಕಲ್ಲನ್ನ ಗುರುತಿಟ್ಕೊಳ್ಳಿ. ಆ ಗುರುತು ಒಂದು ಬೆರಳು ಮುಳುಗಿದ್ರೂ ಎಲ್ಲರೂ ಎದ್ದು ಮೇಲೆ ಬನ್ನಿ, ಯಾಕೆ ಅಂತ ಮೇಲೆ ನಿಂತು ಮಾತಾಡಿ.

ಯಾರಾದ್ರೂ ಮುಳುಗ್ತಿದ್ರೆ: ಇದನ್ನ ಎರಡು ಸಲ ಓದಿ. ಹಿಂದೆ ಹಾರಬೇಡಿ. ಕೈ ಕೈ ಹಿಡಿದು ಸರಪಳಿ ಮಾಡಬೇಡಿ. ಒಬ್ಬರನ್ನ ಉಳಿಸೋಕೆ ಹೋಗಿ ಮೂರು ನಾಲ್ಕು ಜನ ಹೋಗೋದು ಹೀಗೇ. ಹಗ್ಗ, ವೇಲು, ಉದ್ದನೆ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನಾದ್ರೂ ಎಸೀರಿ. ಕೂಗಿ ಊರಿನವರನ್ನ, ಹರಿಗೋಲಿನವರನ್ನ ಕರೀರಿ. 112ಕ್ಕೆ ಫೋನ್ ಮಾಡಿ. ಹಗ್ಗ ಒಂದನ್ನ ಮನೆಯಿಂದಲೇ ತಗೊಂಡು ಹೋಗಿ, 20 ಮೀಟರ್ ಸಾಕು. ತಲೆಗೆ ಹಂಚಿದ್ರೆ ಒಂದು ಟೀ ದುಡ್ಡೂ ಆಗಲ್ಲ.

ವಾಪಸ್ ಬರುವಾಗ: ತಂದ ಕಸ ಅದೇ ಬ್ಯಾಗಲ್ಲಿ ವಾಪಸ್.

ಇಷ್ಟೆಲ್ಲ ಓದಿ "ಹಾಗಾದ್ರೆ ಮಜಾ ಏನಿದೆ?" ಅಂತ ಕೇಳೋರಿಗೆ: ದಡದಲ್ಲಿ ಕಾಲು ಇಳಿಬಿಟ್ಟು ಕೂತ್ಕೊಳ್ಳಿ. ಕೊಡಗಿನ ಮಳೆ, ವಯನಾಡಿನ ಮಳೆ, ಸರ್ ಎಂ.ವಿ. ಕಟ್ಟೆ ದಾಟಿ, ಶಿವನಸಮುದ್ರದ ಟರ್ಬೈನ್ ತಿರುಗಿಸಿ, ತಂಜಾವೂರಿನ ಭತ್ತಕ್ಕೆ ಹೊರಟಿರೋ ನೀರು ನಿಮ್ಮ ಪಾದ ತಾಗಿ ಹೋಗುತ್ತೆ. ಆಂಜನೇಯನೂ ಇಲ್ಲಿ ಕೂತಿದ್ದು ದಡದಲ್ಲೇ.

ನಿಮ್ಮ ಟ್ರಿಪ್ ಗ್ರೂಪಲ್ಲಿ ಪ್ಲಾನ್ ಹಾಕೋ ಆ ಒಬ್ಬರು ಇರ್ತಾರಲ್ಲ, ಅವರಿಗೆ ಇದನ್ನ ಕಳಿಸಿ. ಹೋಗೋ ದಿನದ ಕೆಆರ್‌ಎಸ್, ಕಬಿನಿ ಹೊರಹರಿವು ಎಷ್ಟಿತ್ತು ಅಂತ ಕಾಮೆಂಟಲ್ಲಿ ಬರೀರಿ.

#ಮುತ್ತತ್ತಿ #ಕಾವೇರಿ #ಮಡು #ಕನ್ನಂಬಾಡಿ #ಇತಿಹಾಸದ_ಲೆಕ್ಕ